‘ಕೀಂಕೀಂ’ ಎಂದು ಮೂಗು ಮುರಿಯುವವರಿಗೆ

ಹಳೆಯ ವೀಡಿಯೊ ಆಟಗಳ ಸಂಗೀತವನ್ನು ಸಂಗೀತವೆಂದು ಕರೆದರೆ ನಮ್ಮ ಬಂಧುವರ್ಗದಲ್ಲಿ ಹಲವರ ಹುಬ್ಬು ಮೇಲೇರುತ್ತದೆ. “ಮೇಷ್ಟ್ರಿಗೆ ವಯಸ್ಸಾಯಿತು” ಎಂಬ ಮಾತೂ ಕಿವಿಗೆ ಬಿದ್ದಿದೆ. ವಯಸ್ಸಾದದ್ದು ನಿಜ, ಕಿವಿ ಕೆಟ್ಟಿಲ್ಲ.

೧೯೭೮ರಲ್ಲಿ ಜಪಾನಿನ ಟೈಟೊ ಸಂಸ್ಥೆ ಹೊರತಂದ, ತೊಮೊಹಿರೊ ನಿಶಿಕಾಡೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟವನ್ನೇ ನೋಡಿ. ಹಿನ್ನೆಲೆಗೆ ಇದ್ದದ್ದು ನಾಲ್ಕೇ ಮಂದ್ರ ಸ್ವರಗಳು. ಶತ್ರುಗಳು ಅಳಿದಂತೆಲ್ಲ ಉಳಿದವರ ನಡೆ ಚುರುಕಾಗುತ್ತದೆ. ಅದರೊಡನೆ ಆ ಸ್ವರಗಳೂ ವಿಲಂಬದಿಂದ ದ್ರುತಕ್ಕೆ ಏರುತ್ತವೆ. ಯಕ್ಷಗಾನದ ಭಾಗವತರು ವೇಷಧಾರಿಯ ಕುಣಿತವನ್ನು ನೋಡಿಕೊಂಡು ಪದವನ್ನು ಹಿಗ್ಗಿಸುವುದಿಲ್ಲವೇ, ಕುಗ್ಗಿಸುವುದಿಲ್ಲವೇ? ಅದನ್ನು ಕಲೆಯೆಂದು ತಲೆದೂಗುವವರು ಇದನ್ನು ಗದ್ದಲವೆನ್ನುವುದು ಯಾವ ನ್ಯಾಯ?

೧೯೮೫ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟಕ್ಕೆ ಸಂಗೀತ ಹೊಸೆದವರು ಕೋಜಿ ಕೊಂಡೊ. ನಿಂಟೆಂಡೊ ಪೆಟ್ಟಿಗೆ ಅವರಿಗೆ ಕೊಟ್ಟದ್ದು ಐದು ಧ್ವನಿಮಾರ್ಗಗಳನ್ನು ಮಾತ್ರ. ನೆಗೆತದ ಸದ್ದು, ನಾಣ್ಯದ ಸದ್ದು ಎಲ್ಲವೂ ಅವುಗಳಲ್ಲಿಯೇ ಹಾಯಬೇಕು. ಮಾರಿಯೊ ನೆಗೆದಾಗ ಹಾಡಿನ ಒಂದು ಎಳೆ ಕ್ಷಣಕಾಲ ದಾರಿ ಬಿಟ್ಟುಕೊಡಬೇಕು. ಹೀಗೆ ಹರಿದರೂ ಹಾಡು ಹಾಡಾಗಿಯೇ ಉಳಿಯುವಂತೆ ಕಟ್ಟುವುದು ಎಳೆಯರ ಆಟವಲ್ಲ. ಇಡೀ ಆಟಕ್ಕೆ ದೊರೆತ ಜಾಗ ೪೦ ಕಿಲೋಬೈಟು. ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದು ಭಾವಚಿತ್ರ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಈ ಹಾಡನ್ನು ೨೦೨೩ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿಕೊಂಡಿತು. ಆಟದ ಸಂಗೀತಕ್ಕೆ ಅಲ್ಲಿ ಅದೇ ಮೊದಲ ಪ್ರವೇಶ.

ವಾದ್ಯವನ್ನು ನೋಡಿ ಸಂಗೀತವನ್ನು ತಿರಸ್ಕರಿಸುವುದು ನಮಗೆ ಹೊಸದೇನಲ್ಲ. ೧೯೪೦ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಮ್ಮನ್ನೇ ಹೊರಗಿಟ್ಟಿತ್ತು. ಅದು ಒಳಬರಲು ಮೂರು ದಶಕಗಳೇ ಬೇಕಾದವು.

ಇದೆಲ್ಲ ಬಾಲ್ಯದ ಮೋಹ ಎನ್ನುವವರಿಗೆ ಒಂದು ಮಾತು. ನಾನು ಈ ಆಟಗಳನ್ನು ಆಡಿದವನೇ ಅಲ್ಲ. ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸುವ ಅಗ್ಗದ ಪೆಟ್ಟಿಗೆಗಳು ನಮ್ಮ ಊರುಗಳಿಗೂ ಬಂದಾಗ, ಮಕ್ಕಳು ಪಕ್ಕದ ಕೋಣೆಯಲ್ಲಿ ಆಡುತ್ತಿದ್ದರೆ ಇತ್ತ ಉತ್ತರಪತ್ರಿಕೆ ತಿದ್ದುತ್ತ ಕೇಳಿಸಿಕೊಂಡವನು. (ಆ ಕ್ಯಾಸೆಟ್ಟುಗಳಲ್ಲಿ ಬಹುಪಾಲು ನಕಲು ಎಂಬುದನ್ನು ಬಲ್ಲೆ.) ನನ್ನ ಮೋಹಕ್ಕೆ ಬಾಲ್ಯದ ನೆಪವಿಲ್ಲ.

ನನ್ನ ಸಿಟ್ಟಿಗೆ ಕಾರಣ ಬೇರೆ. ೨೦೧೦ಕ್ಕೆ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ ೮೭ರಷ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲವೆಂದು ೨೦೨೩ರಲ್ಲಿ ವೀಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ನಿನ ಅಧ್ಯಯನ ತಿಳಿಸಿತು. ಮರುವರ್ಷ ಅಕ್ಟೋಬರಿನಲ್ಲಿ, ಗ್ರಂಥಾಲಯಗಳು ಇವನ್ನು ಸಂಶೋಧಕರಿಗೆ ದೂರದಿಂದಲೇ ಒದಗಿಸಲು ಕೇಳಿದ ಅನುಮತಿಯನ್ನು ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ ನಿರಾಕರಿಸಿತು. ತಾವು ಮಾರುವುದೂ ಇಲ್ಲ, ಇತರರು ಕೊಡಲೂ ಬಾರದು ಎನ್ನುವ ಮಾಲೀಕರ ಮಾತಿಗೆ ನಾವೆಲ್ಲ ಸುಮ್ಮನಿರುವುದು, ಇದು ‘ಬರೀ ಕೀಂಕೀಂ’ ಎಂಬ ತಾತ್ಸಾರದಿಂದಲೇ.

ನನ್ನ ವಿದ್ಯಾರ್ಥಿಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಅಂಥ ಪೆಟ್ಟಿಗೆ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಧೂಳು ಒರೆಸಿ, ಒಮ್ಮೆ ಚಾಲೂ ಮಾಡಿ, ನಿಮ್ಮ ಮಕ್ಕಳಿಗೆ ಕೇಳಿಸಿ.