ಗೀಜಗನ ಲೆಕ್ಕಾಚಾರ

ಮಳೆಗಾಲದಲ್ಲಿ ಹಳ್ಳಿಯ ಕಡೆ ಹೋದರೆ ಬಾವಿಯ ಮೇಲಕ್ಕೆ ಬಾಗಿದ ಜಾಲಿ ಮರದಲ್ಲೋ ಈಚಲು ಗರಿಗಳ ತುದಿಯಲ್ಲೋ ಹತ್ತಾರು ಗೂಡುಗಳು ಸೋರೆಬುರುಡೆಗಳಂತೆ ತೂಗಾಡುವುದನ್ನು ಕಾಣಬಹುದು. ಇವು ಗೀಜಗನ ಗೂಡುಗಳು. ನೇಯ್ಗೆಯ ಅಂದವನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಗೂಡು ಎಲ್ಲಿದೆ, ಮರದ ಯಾವ ದಿಕ್ಕಿನಲ್ಲಿದೆ ಎಂದು ಗಮನಿಸುವವರು ಕಡಿಮೆ. ಜಾಣತನವೆಲ್ಲ ಇರುವುದು ಅಲ್ಲೇ!

ಮುಳ್ಳಿನ ಮರ ಹತ್ತುವುದು ಇಲಿಗೂ ಹಾವಿಗೂ ಸುಲಭವಲ್ಲ. ಕೆಳಗೆ ನೀರಿದ್ದರಂತೂ ಇನ್ನೂ ಕಷ್ಟ. ಹೆಚ್ಚಿನ ಗೂಡುಗಳು ಮರದ ಪೂರ್ವ ಭಾಗದಲ್ಲಿರುತ್ತವೆ. ನೈಋತ್ಯ ಮುಂಗಾರಿನ ಗಾಳಿಯ ಹೊಡೆತ ಆ ಕಡೆ ಕಡಿಮೆ. ಗೂಡಿನ ಬಾಯಿ ಕೆಳಮುಖವಾದ ಕೊಳವೆ. ತಕ್ಕ ಮರ ಸಿಗದ ಕಡೆ ಇದೇ ಹಕ್ಕಿ ವಿದ್ಯುತ್ ತಂತಿಗೂ ಗೂಡು ಕಟ್ಟುತ್ತದೆ.

ಕಟ್ಟುವುದು ಗಂಡು. ಹುಲ್ಲು, ಭತ್ತ, ಈಚಲಿನ ಹಸಿ ಎಲೆಗಳನ್ನು ಕೊಕ್ಕಿನಿಂದ ಉದ್ದಕ್ಕೆ ಸೀಳಿ ತಂದು ಹೆಣೆಯುತ್ತದೆ. ಒಣಗಿದ ಎಳೆ ಬಗ್ಗುವುದಿಲ್ಲ, ಹಾಗಾಗಿ ಮಳೆಗಾಲವೇ ಬೇಕು. ಗೂಡು ಅರ್ಧವಾದಾಗ ಅದರ ಆಕಾರ ಹೆಲ್ಮೆಟ್ಟಿನಂತಿರುತ್ತದೆ. ಆಗ ಗಂಡು ರೆಕ್ಕೆ ಬಡಿದು ಕೂಗುತ್ತದೆ, ಹೆಣ್ಣುಗಳು ಬಂದು ಪರೀಕ್ಷಿಸುತ್ತವೆ. ಒಪ್ಪಿಗೆಯಾದರೆ ಗೂಡು ಪೂರ್ತಿಯಾಗುತ್ತದೆ, ಇಲ್ಲವಾದರೆ ಅಷ್ಟು ದಿನದ ದುಡಿಮೆ ವ್ಯರ್ಥ. (ಒಳಗೆ ಮೆತ್ತಿದ ಮಣ್ಣಿಗೆ ಮಿಂಚುಹುಳು ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂಬ ಅಜ್ಜಿಕತೆ ಸೊಗಸಾಗಿದೆ, ಅದರಲ್ಲಿ ಮಣ್ಣು ಮೆತ್ತುವುದಷ್ಟೇ ನಿಜ.)

ಮುಂದಿನ ಸಂಗತಿಯನ್ನು ಬಯಲಿಗೆ ತಂದವರು ಸಲೀಂ ಅಲಿ. 1930ರಲ್ಲಿ ಉದ್ಯೋಗವಿಲ್ಲದೆ ಮುಂಬಯಿ ಸಮೀಪದ ಕಿಹಿಮ್ ಎಂಬ ಕಡಲತಡಿಯ ಹಳ್ಳಿಯಲ್ಲಿದ್ದ ಅವರು ಗೀಜಗಗಳನ್ನು ಬಿಡದೆ ಗಮನಿಸಿದರು. ಹೆಣ್ಣು ಗೂಡು ಸೇರಿ ಮೊಟ್ಟೆಯಿಟ್ಟೊಡನೆ ಗಂಡು ಇನ್ನೊಂದು ಗೂಡಿಗೆ ಕೈಹಾಕುತ್ತಿತ್ತು, ಇನ್ನೊಂದು ಹೆಣ್ಣಿಗಾಗಿ! ಕಾವು ಕೊಡುವ ಕೆಲಸವೆಲ್ಲ ಹೆಣ್ಣಿನದೇ.

ಹಾಗೆಂದು ಗಂಡನ್ನು ಹೊಣೆಗೇಡಿ ಎನ್ನಬೇಕಿಲ್ಲ. ಬ್ರಿಟಿಷ್ ವಿಜ್ಞಾನಿ ಜಾನ್ ಕ್ರುಕ್ 1964ರಲ್ಲಿ ಗೀಜಗನ ಕುಲದ ಸುಮಾರು 90 ಪ್ರಭೇದಗಳನ್ನು ಹೋಲಿಸಿ ನೋಡಿದರು. ಕಾಡಿನಲ್ಲಿ ಕೀಟ ತಿಂದು ಬಾಳುವ ಪ್ರಭೇದಗಳು ಬಹುತೇಕ ಜೋಡಿಯಾಗಿ, ಒಂಟಿ ಗೂಡಿನಲ್ಲಿ ಇರುತ್ತವೆ. ಗಂಡು ಹೆಣ್ಣಿನ ಬಣ್ಣವೂ ಹೆಚ್ಚುಕಡಿಮೆ ಒಂದೇ. ಕಾಡಿನಲ್ಲಿ ಕೀಟಗಳು ಅಲ್ಲೊಂದು ಇಲ್ಲೊಂದು. ಅವನ್ನು ಹುಡುಕಿ ಮರಿಗಳ ಹೊಟ್ಟೆ ತುಂಬಿಸಲು ತಂದೆತಾಯಿ ಇಬ್ಬರೂ ಬೇಕು. ಹುಲ್ಲುಬಯಲಿನಲ್ಲಿ ಹಾಗಲ್ಲ. ಅಲ್ಲಿ ಕಾಳು ಸಿಕ್ಕರೆ ರಾಶಿಯಾಗಿ ಸಿಗುತ್ತದೆ, ಗುಂಪಾಗಿ ಹುಡುಕುವುದೇ ಲಾಭ. ಗೂಡಿಗೆ ಯೋಗ್ಯವಾದ ಮರಗಳು ಮಾತ್ರ ವಿರಳ, ಆದ್ದರಿಂದ ಒಂದೇ ಮರದಲ್ಲಿ ಇಡೀ ಕೇರಿ. ಮೇವು ಸಮೃದ್ಧವಾದಾಗ ತಾಯಿಯೊಬ್ಬಳೇ ಮರಿ ಸಾಕಬಲ್ಲಳು. ಗಂಡಿಗೆ ಬಿಡುವು ಸಿಗುತ್ತದೆ, ಹೆಣ್ಣನ್ನು ಸೆಳೆಯುವ ಪೈಪೋಟಿಯೂ ಶುರುವಾಗುತ್ತದೆ. ಗೀಜಗನ ಗಂಡಿಗೆ ಮಳೆಗಾಲದಲ್ಲಿ ಬರುವ ಹೊಳೆಯುವ ಹಳದಿ ನೆತ್ತಿ ಈ ಪೈಪೋಟಿಯದೇ ಗುರುತು. ಒಂದೇ ಕುಲದ ಹಕ್ಕಿಗಳ ಸಂಸಾರವನ್ನು ಮೇವು ಹೀಗೆ ಬೇರೆ ಬೇರೆ ಮಾಡಿಟ್ಟಿದೆ.

ಷೋಕೇಸಿನಲ್ಲಿಡಲು ಈ ಗೂಡು ಕಿತ್ತು ತರುವವರಿದ್ದಾರೆ. ಮಕ್ಕಳೂ ಹಿರಿಯರೂ ದೂರದಿಂದಲೇ ನೋಡಿ ತಿಳಿಯಬಹುದಾದ ಒಂದು ಗುರುತಿದೆ. ಅರ್ಧಕ್ಕೆ ನಿಂತ ಗೂಡೆಂದರೆ ಹೆಣ್ಣು ಇನ್ನೂ ಒಪ್ಪಿಲ್ಲ ಎಂದರ್ಥ. ಉದ್ದನೆಯ ಕೊಳವೆ ಇಳಿಬಿದ್ದಿದ್ದರೆ ಒಳಗೆ ಎರಡರಿಂದ ನಾಲ್ಕು ಬಿಳಿ ಮೊಟ್ಟೆಗಳೋ ಕಣ್ಣುಬಿಡದ ಮರಿಗಳೋ ಇರುವ ಸಂಭವ ಹೆಚ್ಚು. ಮೊಟ್ಟೆಯೊಡೆಯಲು ಎರಡು ವಾರ, ಮರಿ ಹಾರಲು ಮತ್ತೆರಡು ವಾರಕ್ಕೂ ಮಿಕ್ಕಿ ಬೇಕು.