ಹೋದೆಯಾ ಪಿಶಾಚಿ ಅಂದರೆ...

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಎಂಬ ಗಾದೆಯನ್ನು ಕಟ್ಟಿದವರು ಕಂಪ್ಯೂಟರನ್ನು ಕಂಡಿರಲಾರರು. ಆದರೆ ಆಂಟಿವೈರಸ್ ತಂತ್ರಾಂಶವೊಂದನ್ನು ತೆಗೆದುಹಾಕಲು ಹೆಣಗಿದವರಿಗೆ ಈ ಗಾದೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ‘ಅನ್‌ಇನ್‌ಸ್ಟಾಲ್’ ಗುಂಡಿ ಒತ್ತುತ್ತೀರಿ. ಪಟ್ಟಿಯೊಂದು ಎಡದಿಂದ ಬಲಕ್ಕೆ ತುಂಬಿಕೊಳ್ಳುತ್ತದೆ. ಯಶಸ್ವಿಯಾಗಿ ತೆಗೆಯಲಾಗಿದೆ ಎಂಬ ಸಂದೇಶ ಬರುತ್ತದೆ. ನಾಲ್ಕು ದಿನ ಕಳೆದ ಮೇಲೆ ಪರದೆಯ ಮೂಲೆಯಲ್ಲಿ ಮತ್ತೆ ಅದೇ ಕಂಪನಿಯ ಹೆಸರು, ಅದೇ ಬೆದರಿಕೆ: ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ.

ನನ್ನ ತಕರಾರು ಇಷ್ಟೇ. ತೆಗೆದಿದ್ದೇನೆ ಎಂದು ಹೇಳಿ ತೆಗೆಯದೆ ಉಳಿಯುವುದನ್ನು ನಾವು ‘ತಾಂತ್ರಿಕ ತೊಡಕು’ ಎಂದು ಕರೆದು ಸುಮ್ಮನಾಗಿದ್ದೇವೆ. ಅದು ಸುಳ್ಳು, ಸುಳ್ಳೆಂದೇ ಕರೆಯಬೇಕು. ಅದರಲ್ಲೂ ಕಾವಲಿಗೆಂದು ಮನೆಯೊಳಗೆ ಬಿಟ್ಟುಕೊಂಡವನು ಹೇಳುವ ಸುಳ್ಳು ಉಳಿದವರ ಸುಳ್ಳಿಗಿಂತ ದೊಡ್ಡದು.

ಆ ಗುಂಡಿ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಅದನ್ನು ಒತ್ತಿದರೆ ವಿಂಡೋಸ್ ತಾನೇ ಕಡತಗಳನ್ನು ಹುಡುಕಿ ಅಳಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಆಂಟಿವೈರಸ್‌ನಂಥ ತಂತ್ರಾಂಶ ಒಳಗೆ ಬರುವಾಗಲೇ ವಿಂಡೋಸಿನ ದಾಖಲೆ ಪುಸ್ತಕವಾದ ರಿಜಿಸ್ಟ್ರಿಯಲ್ಲಿ ‘ನನ್ನನ್ನು ತೆಗೆಯಬೇಕಾದರೆ ಈ ಪ್ರೋಗ್ರಾಮನ್ನು ನಡೆಸಿ’ ಎಂದು ಬರೆದಿಟ್ಟಿರುತ್ತದೆ. ನೀವು ಗುಂಡಿ ಒತ್ತಿದಾಗ ವಿಂಡೋಸ್ ಆ ಪ್ರೋಗ್ರಾಮನ್ನು ನಡೆಸುತ್ತದೆ, ಅಷ್ಟೆ. ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು, ಕೊನೆಗೆ ಯಾವ ಸಂದೇಶ ತೋರಿಸಬೇಕು ಎಂಬುದೆಲ್ಲ ಆ ಕಂಪನಿಯದೇ ತೀರ್ಮಾನ. ಬಾಡಿಗೆದಾರನೇ ‘ಮನೆ ಖಾಲಿಯಾಗಿದೆ’ ಎಂದು ಬರೆದು, ಮಾಲೀಕನ ಪರವಾಗಿ ತಾನೇ ಸಹಿ ಹಾಕಿ ಹೋದ ಹಾಗೆ. ಒಳಗಿನ ಕೋಣೆಗೆ ಅವನದೇ ಬೀಗ ಇನ್ನೂ ನೇತಾಡುತ್ತಿದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಹೀಗೆಯೇ ಇರಬೇಕೆಂದೇನೂ ಇಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಒಂದು ಆ್ಯಪ್ ತೆಗೆದರೆ, ಅದಕ್ಕೆಂದು ಕೊಟ್ಟಿದ್ದ ಖಾಸಗಿ ಜಾಗವನ್ನು ಆಪರೇಟಿಂಗ್ ಸಿಸ್ಟಮ್ಮೇ ಅಳಿಸುತ್ತದೆ. ಆ್ಯಪಿನ ಅಭಿಪ್ರಾಯ ಕೇಳುವುದಿಲ್ಲ. ವಿಂಡೋಸ್ ಈ ಅಧಿಕಾರವನ್ನು ಹೋಗುವವನ ಕೈಗೇ ಕೊಟ್ಟಿದೆ. ಆದ್ದರಿಂದ ಈ ದೂರಿನಲ್ಲಿ ಮೈಕ್ರೋಸಾಫ್ಟಿನ ಪಾಲೂ ಇದೆ.

ಉಳಿದುಹೋಗುವುದೆಲ್ಲ ಅಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ಹಳೆಯ ಲಾಗ್ ಕಡತ, ಖಾಲಿ ಫೋಲ್ಡರು, ರಿಜಿಸ್ಟ್ರಿಯ ಮೂಲೆಯ ಒಂದೆರಡು ನಮೂದುಗಳು ಇದ್ದರೆ ಇರಲಿ, ಅವು ಧೂಳಿದ್ದ ಹಾಗೆ. ನಾನು ಹೇಳುತ್ತಿರುವುದು ಬೇರೆ ಮೂರು ಸಂಗತಿಗಳನ್ನು. ಒಂದು, ಡ್ರೈವರ್‌ಗಳು. ತೆರೆಯುವ ಪ್ರತಿ ಕಡತವನ್ನೂ, ಹೋಗಿಬರುವ ಇಂಟರ್‌ನೆಟ್ ದಟ್ಟಣೆಯನ್ನೂ ನಡುವೆ ನಿಂತು ನೋಡಲು ಆಂಟಿವೈರಸ್ ಈ ಡ್ರೈವರ್‌ಗಳನ್ನು ವಿಂಡೋಸಿನ ತಿರುಳಿನಲ್ಲೇ, ಅಂದರೆ ಕರ್ನೆಲ್‌ನಲ್ಲೇ ಕೂರಿಸುತ್ತದೆ. ಎರಡು, ‘ಈ ಕಂಪ್ಯೂಟರಿಗೆ ಕಾವಲು ನಾನು’ ಎಂದು ವಿಂಡೋಸ್ ಸೆಕ್ಯುರಿಟಿಯಲ್ಲಿ ಮಾಡಿಸಿಕೊಂಡ ನೋಂದಣಿ. ಮೂರು, ಗೂಢಲಿಪಿಯಲ್ಲಿ ಬರುವ ಜಾಲತಾಣಗಳನ್ನೂ ಬಿಚ್ಚಿ ನೋಡಲು ಹಲವು ಆಂಟಿವೈರಸ್‌ಗಳು ನಮ್ಮ ಕಂಪ್ಯೂಟರಿನಲ್ಲಿ ಸೇರಿಸುವ ತಮ್ಮದೇ ರೂಟ್ ಸರ್ಟಿಫಿಕೇಟ್.

ಎರಡನೆಯದು ನನಗೆ ಎಲ್ಲಕ್ಕಿಂತ ಕ್ರೂರವಾಗಿ ಕಾಣುತ್ತದೆ. ಬೇರೆ ಆಂಟಿವೈರಸ್ ನೋಂದಣಿಯಾದರೆ ವಿಂಡೋಸಿನ ಸ್ವಂತ ಕಾವಲಾದ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಹೊಸ ಕಾವಲುಗಾರ ಹೋದ ಮೇಲೂ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಹಾಗೇ ಉಳಿದರೆ, ಕಾವಲಿಗೆ ಒಬ್ಬನಿದ್ದಾನೆ ಎಂದು ತಿಳಿದು ಡಿಫೆಂಡರ್ ಸುಮ್ಮನೆ ಕೂತಿರುವುದುಂಟು. ಇರುವವನು ಕೆಲಸ ಮಾಡುವುದಿಲ್ಲ, ಮಾಡಬೇಕಾದವನು ಬರುವುದಿಲ್ಲ. ಕಂಪ್ಯೂಟರು ಬಾಗಿಲು ತೆರೆದ ಮನೆ.

ನಮ್ಮ ಬಳಗದಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಅದು ನನ್ನ ಮೇಜಿಗೆ ಬರುವುದು ವಾಡಿಕೆ. ಕನ್ನಡ ಎಂ.ಎ. ಮಾಡುತ್ತಿರುವ ಹುಡುಗನೊಬ್ಬ ಕಿರುಪ್ರಬಂಧ ಒಪ್ಪಿಸುವ ವಾರ ಲ್ಯಾಪ್‌ಟಾಪ್ ಹಿಡಿದು ಬಂದ. “ಸರ್, ವೈಫೈ ಕನೆಕ್ಟ್ ಆಗಿದೆ ಅಂತ ತೋರಿಸ್ತಿದೆ, ಆದ್ರೆ ಒಂದು ಪೇಜೂ ಓಪನ್ ಆಗ್ತಿಲ್ಲ.” ಕೊಂಡಾಗಲೇ ಅದರಲ್ಲಿದ್ದ ಆಂಟಿವೈರಸ್‌ನ ಉಚಿತ ಅವಧಿ ಮುಗಿದು, ದಿನಕ್ಕೆ ನಾಲ್ಕು ಸಲ ಹಣ ಕೇಳಲು ಶುರುಮಾಡಿದ್ದಕ್ಕೆ ಅವನು ಅದನ್ನು ತೆಗೆದುಹಾಕಿದ್ದ. ತಂತ್ರಾಂಶ ಹೋಗಿತ್ತು, ಇಂಟರ್‌ನೆಟ್ ದಾರಿಯಲ್ಲಿ ಅದು ಕೂರಿಸಿದ್ದ ಡ್ರೈವರ್ ಹೋಗಿರಲಿಲ್ಲ. ಯಜಮಾನನಿಲ್ಲದ ಸುಂಕದ ಕಟ್ಟೆಯ ಹಾಗೆ ಅದು ಬಂದದ್ದನ್ನೆಲ್ಲ ತಡೆದು ನಿಲ್ಲಿಸುತ್ತಿತ್ತು. ತಾನೇ ಏನೋ ತಪ್ಪು ಮಾಡಿದ್ದೇನೆ ಎಂದು ಹುಡುಗ ಕುಗ್ಗಿಹೋಗಿದ್ದ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಅವನು ಮಾಡಿದ್ದು ಇಷ್ಟೇ: ಗುಂಡಿಯ ಮೇಲೆ ಬರೆದಿದ್ದ ಮಾತನ್ನು ನಂಬಿದ್ದು.

ಕರ್ನೆಲ್‌ನಲ್ಲಿ ಕೂತ ಡ್ರೈವರ್ ಎಷ್ಟು ಆಳದ ಸಂಗತಿ ಎಂಬುದನ್ನು ಜಗತ್ತು 2024ರ ಜುಲೈ 19ರಂದು ನೋಡಿತು. ಸಂಸ್ಥೆಗಳು ಬಳಸುವ ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶಕ್ಕೆ ಬಂದ ಒಂದು ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅದಕ್ಕೂ ಮುಂಚೆ, 2018ರ ಜನವರಿಯಲ್ಲಿ, ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಕ್ಕೆ ತೇಪೆ ಹೊರಡಿಸಿದಾಗ ಕೆಲವು ಆಂಟಿವೈರಸ್‌ಗಳು ಅದರೊಂದಿಗೆ ಹೊಂದಿಕೊಳ್ಳದೆ ಯಂತ್ರ ಕೆಡುತ್ತಿದ್ದವು. ಆದ್ದರಿಂದ ಹೊಂದಾಣಿಕೆಯಿದೆ ಎಂಬ ಗುರುತು ರಿಜಿಸ್ಟ್ರಿಯಲ್ಲಿ ಇಲ್ಲದ ಯಂತ್ರಗಳಿಗೆ ಭದ್ರತಾ ಅಪ್‌ಡೇಟನ್ನೇ ಮೈಕ್ರೋಸಾಫ್ಟ್ ತಡೆಹಿಡಿದಿತ್ತು. ಇಷ್ಟು ಆಳಕ್ಕೆ ಇಳಿಯುವ ಹಕ್ಕು ಪಡೆದವನಿಗೆ ಅಷ್ಟೇ ಆಳದಿಂದ ಎದ್ದು ಹೊರಡುವ ಹೊಣೆಯೂ ಇರಬೇಕು.

ಕಂಪನಿಗಳ ಕಡೆಯ ವಾದವನ್ನೂ ಕೇಳಬೇಕು. ಆಂಟಿವೈರಸ್ ಸುಲಭವಾಗಿ ಕಿತ್ತುಬರುವಂತಿದ್ದರೆ ವೈರಸ್ಸೇ ಮೊದಲು ಅದನ್ನು ಕೀಳುತ್ತದೆ ಎನ್ನುತ್ತಾರೆ. ನಿಜವೇ. 2002ರಲ್ಲಿ ಹರಡಿದ ಬಗ್‌ಬೇರ್ ಹುಳು ಆಂಟಿವೈರಸ್‌ಗಳನ್ನು ನಿಲ್ಲಿಸಲು ಯತ್ನಿಸುತ್ತಿತ್ತು. ಆತ್ಮರಕ್ಷಣೆ ಬೇಕು, ಒಪ್ಪೋಣ. ಆದರೆ ಕಳ್ಳ ತಳ್ಳಿದಾಗ ಅಲುಗಾಡದಿರುವುದು ಬೇರೆ, ಮನೆಯ ಯಜಮಾನ ‘ನಿನ್ನ ಲೆಕ್ಕ ಚುಕ್ತಾ, ಹೊರಡು’ ಎಂದಾಗಲೂ ಕಂಬ ಹಿಡಿದು ಕೂರುವುದು ಬೇರೆ. ಯಜಮಾನ ಪಾಸ್‌ವರ್ಡ್ ಕೊಟ್ಟು, ಅಡ್ಮಿನಿಸ್ಟ್ರೇಟರ್ ಅನುಮತಿ ಕೊಟ್ಟು, ‘ಖಂಡಿತವೇ?’ ಎಂಬ ಪ್ರಶ್ನೆಗೆ ಎರಡು ಸಲ ‘ಹೌದು’ ಎಂದ ಮೇಲೂ ಉಳಿಯುವುದಕ್ಕೆ ಆತ್ಮರಕ್ಷಣೆಯ ಹೆಸರು ಸಲ್ಲದು.

ಚಾಲನೆಯಲ್ಲಿರುವ ಡ್ರೈವರನ್ನು ಪೂರ್ತಿ ಅಳಿಸುವುದು ತಾಂತ್ರಿಕವಾಗಿ ಕಷ್ಟ ಎಂಬುದು ಎರಡನೆಯ ವಾದ. ಕಷ್ಟವೇ ಇರಬಹುದು, ಆದರೆ ಅದನ್ನು ಅವರೇ ಮಾಡಿ ಮುಗಿಸಿದ್ದಾರೆ. ಮೆಕಫಿಗೆ ಎಂಸಿಪಿಆರ್ ಎಂಬ ಸಾಧನವಿದೆ. ಅವಾಸ್ಟ್‌ಗೆ ಅವಾಸ್ಟ್ ಕ್ಲಿಯರ್, ಕ್ಯಾಸ್ಪರ್‌ಸ್ಕಿಗೆ ಕೆಎವಿರಿಮೂವರ್, ಈಸೆಟ್‌ಗೆ ಈಸೆಟ್ ಅನ್‌ಇನ್‌ಸ್ಟಾಲರ್ ಇವೆ. ಮಾಮೂಲಿ ಗುಂಡಿ ಬಿಟ್ಟುಹೋದದ್ದನ್ನು ಗುಡಿಸಲೆಂದೇ ಕಂಪನಿಗಳು ಬರೆದ ಪೊರಕೆಗಳಿವು. ಪೊರಕೆ ನಿಮ್ಮ ಕೈಯಲ್ಲೇ ಇದ್ದರೆ ಅದನ್ನು ಗುಂಡಿಯ ಹಿಂದೆ ಇಡದೆ, ಸಹಾಯ ಪುಟಗಳ ಹತ್ತನೆಯ ಮಡಿಕೆಯಲ್ಲಿ ಯಾಕೆ ಅಡಗಿಸಿದಿರಿ? ನಾರ್ಟನ್‌ನ ಸಾಧನದ ಹೆಸರೇ ‘ರಿಮೂವ್ ಆ್ಯಂಡ್ ರೀಇನ್‌ಸ್ಟಾಲ್’. ತೆಗೆ, ಮತ್ತೆ ಹಾಕು! ಬರೀ ತೆಗೆಯಬೇಕೆಂದರೆ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಹುಡುಕಬೇಕು. ಸುಮ್ಮನೆ ಹೊರಡುವುದು ಮುಂದುವರಿದವರ ವಿದ್ಯೆ!

ಮನಸ್ಸಿದ್ದರೆ ಮಾರ್ಗ ಎಂಬುದಕ್ಕೆ ಇನ್ನೂ ದೊಡ್ಡ ಸಾಕ್ಷಿಯಿದೆ. ಅಮೆರಿಕ ಸರ್ಕಾರ 2024ರಲ್ಲಿ ಕ್ಯಾಸ್ಪರ್‌ಸ್ಕಿಯನ್ನು ನಿಷೇಧಿಸಿತು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಗ್ರಾಹಕರ ಕಂಪ್ಯೂಟರುಗಳಿಂದ ಅದು ತಾನಾಗಿಯೇ ತನ್ನನ್ನು ತೆಗೆದುಕೊಂಡು, ತನ್ನ ಜಾಗದಲ್ಲಿ ಅಲ್ಟ್ರಾಎವಿ ಎಂಬ ಬೇರೆ ಕಂಪನಿಯ ತಂತ್ರಾಂಶವನ್ನು ಕೂರಿಸಿ ಹೋಯಿತು. ರಕ್ಷಣೆ ಮುಂದುವರಿಯುತ್ತದೆ ಎಂದು ಮೊದಲೇ ಮಿಂಚಂಚೆ ಕಳಿಸಿದ್ದು ಹೌದು. ಆದರೆ ಬೆಳಿಗ್ಗೆ ಎದ್ದು ನೋಡಿದಾಗ ತಾವು ಎಂದೂ ಕೇಳದ ಹೆಸರು ಪರದೆಯ ಮೇಲಿದ್ದದ್ದು ಕಂಡು ಅನೇಕರು ಬೆಚ್ಚಿದರು. ನಾವು ಹೋಗು ಎಂದರೆ ಕಷ್ಟ, ವ್ಯಾಪಾರ ಹೋಗು ಎಂದರೆ ಸಲೀಸು.

ಇನ್ನು ಉಳಿದುಕೊಳ್ಳುವ ಆಸೆ ಯಾಕೆ ಎಂದು ಕೇಳಿದರೆ, ಚಂದಾ ನವೀಕರಣದ ಆಸೆ ಒಂದು. ನಮ್ಮ ಓಡಾಟದ ಮಾಹಿತಿ ಎಷ್ಟು ಬೆಲೆಬಾಳುತ್ತದೆ ಎಂಬುದು ಇನ್ನೊಂದು. ಅವಾಸ್ಟ್ ತನ್ನ ಅಂಗಸಂಸ್ಥೆ ಜಂಪ್‌ಶಾಟ್ ಮೂಲಕ ಬಳಕೆದಾರರ ಬ್ರೌಸಿಂಗ್ ವಿವರಗಳನ್ನು 100ಕ್ಕೂ ಹೆಚ್ಚು ಕಂಪನಿಗಳಿಗೆ ಮಾರಿತು ಎಂಬುದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ದೂರು. 2024ರಲ್ಲಿ ಅವಾಸ್ಟ್ 1.65 ಕೋಟಿ ಡಾಲರ್ ಕಟ್ಟಬೇಕಾಯಿತು. ಯಾರೂ ನಿಮ್ಮ ಬೆನ್ನುಹತ್ತದಂತೆ ಕಾಯುತ್ತೇವೆ ಎಂದು ಹೇಳಿಕೊಂಡವರ ಮೇಲಿನ ದೂರು ಇದು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಆಂಟಿವೈರಸ್ ತೆಗೆಯುವ ಪಾಡು ಎಷ್ಟು ಜಗತ್ಪ್ರಸಿದ್ಧ ಎಂದರೆ, ಮೆಕಫಿ ಕಂಪನಿಗೆ ತನ್ನ ಹೆಸರು ಕೊಟ್ಟು 1994ರಲ್ಲೇ ಅಲ್ಲಿಂದ ಹೊರನಡೆದಿದ್ದ ಜಾನ್ ಮೆಕಫಿ, 2013ರಲ್ಲಿ ಅದನ್ನು ತೆಗೆಯುವುದು ಹೇಗೆ ಎಂದು ಅಣಕು ವಿಡಿಯೊ ಮಾಡಿ ನಗಿಸಿದ. ತಂತ್ರಾಂಶದಿಂದ ಹೆಸರನ್ನು ಅಳಿಸುವುದು ಅವನಿಗೂ ಆಗಿರಲಿಲ್ಲ.

ಸಾಹಿತ್ಯದ ಪುಟದಲ್ಲಿ ಈ ಯಂತ್ರಪುರಾಣ ಯಾಕೆ ಎಂದು ಕೆಲವರು ಕೇಳಬಹುದು. ಇದು ಮಾತಿನ ಪ್ರಶ್ನೆ, ಅದಕ್ಕೆ. ಒಂದು ಪದ್ಯದಲ್ಲಿ ಒಂದು ಪದ ಯಾಕೆ ಬಂತು ಎಂದು ಗಂಟೆಗಟ್ಟಲೆ ಜಗಳವಾಡುವ ನಾವು, ದಿನಕ್ಕೆ ನೂರು ಸಲ ಒತ್ತುವ ಗುಂಡಿಗಳ ಮೇಲಿನ ಪದಗಳನ್ನು ಓದುವುದೇ ಇಲ್ಲ. ‘ಒಪ್ಪಿದೆ’ ಎಂಬುದು ದಪ್ಪ ಅಕ್ಷರದ ಬಣ್ಣದ ಗುಂಡಿ. ‘ಒಲ್ಲೆ’ ಎಂಬುದು ಬೂದುಬಣ್ಣದ ಸಣ್ಣ ಗೆರೆ. ಅದೂ ‘ಬೇಡ, ನನಗೆ ಸುರಕ್ಷತೆಯ ಅಗತ್ಯವಿಲ್ಲ’ ಎಂಬ ಧಾಟಿಯಲ್ಲಿ. ಬೇಡ ಎನ್ನುವವನು ದಡ್ಡನಂತೆ ಕಾಣಬೇಕೆಂದು ಯಾರೋ ಕೂತು ಬರೆದ ವಾಕ್ಯವದು. ವಾಕ್ಯದ ಒಳಸಂಚು ಹಿಡಿಯಲು ಕಲಿತವರು ಇಲ್ಲಿ ಮೋಸಹೋಗಬಾರದು.

ನಮ್ಮ ಕಾನೂನಿಗೂ ಇದು ಗೊತ್ತಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ನಾಚಿಸಿ ಒಪ್ಪಿಸುವುದು, ಪದೇಪದೇ ಪೀಡಿಸುವುದು, ಚಂದಾದಿಂದ ಹೊರಬರಲು ಬಿಡದಿರುವುದು, ವೈರಸ್ ಬಂದಿದೆಯೆಂದು ಹೆದರಿಸುವುದು ಎಲ್ಲವೂ ಅದರಲ್ಲಿವೆ. ಅದೇ ವರ್ಷ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಸಮ್ಮತಿ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲು ಆಗಬೇಕು ಎನ್ನುತ್ತದೆ. ಆ ಮಾತು ದತ್ತಾಂಶದ ಬಗ್ಗೆ ಹೇಳಿದ್ದು. ತಂತ್ರಾಂಶಕ್ಕೂ ಅದೇ ಅಳತೆ ಯಾಕಿರಬಾರದು? ಎರಡು ಕ್ಲಿಕ್ಕಿಗೆ ಬಂದದ್ದು ಎರಡು ಕ್ಲಿಕ್ಕಿಗೆ ಹೋಗಬೇಕು.

ಅಲ್ಲಿಯವರೆಗೆ ನಾವೇ ಗುಡಿಸಿಕೊಳ್ಳಬೇಕು. ಕ್ರಮ ಹೀಗೆ. ಮೊದಲು ಆ ಕಂಪನಿಯ ಖಾತೆಗೆ ಹೋಗಿ ತಾನಾಗಿ ಹಣ ಕಡಿತವಾಗುವ ಆಟೋ ರಿನ್ಯೂವಲ್ ನಿಲ್ಲಿಸಿ. ತಂತ್ರಾಂಶ ಹೋದರೂ ಚಂದಾ ಹೋಗುವುದಿಲ್ಲ. ಆಮೇಲೆ ಸೆಟ್ಟಿಂಗ್ಸ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿ, ಜೊತೆಗೆ ಬಂದಿದ್ದ ವಿಪಿಎನ್, ‘ಸೇಫ್ ಬ್ರೌಸರ್’ಗಳನ್ನೂ ತೆಗೆದು ರೀಸ್ಟಾರ್ಟ್ ಮಾಡಿ. ಆ ಕಂಪನಿಯ ಅಧಿಕೃತ ತಾಣದಿಂದಲೇ ಅದರ ತೆಗೆಯುವ ಸಾಧನ ಇಳಿಸಿಕೊಳ್ಳಿ, ಬೇರೆಲ್ಲಿಂದಲೂ ಬೇಡ. ಅವರು ಹೇಳಿದ್ದರೆ ಸೇಫ್ ಮೋಡ್‌ನಲ್ಲಿ ಅದನ್ನು ನಡೆಸಿ, ಮತ್ತೆ ರೀಸ್ಟಾರ್ಟ್ ಮಾಡಿ. ಬ್ರೌಸರಿನ ಎಕ್ಸ್‌ಟೆನ್ಷನ್ ಪಟ್ಟಿ ನೋಡಿ. ಕೊನೆಗೆ ವಿಂಡೋಸ್ ಸೆಕ್ಯುರಿಟಿ ತೆರೆದು, ಕಾವಲಿಗೆ ಡಿಫೆಂಡರ್ ಬಂದಿದೆಯೇ ಎಂದು ಕಣ್ಣಾರೆ ಖಚಿತಪಡಿಸಿಕೊಳ್ಳಿ. ರಿಜಿಸ್ಟ್ರಿಯನ್ನು ಕೈಯಿಂದ ಕೆದಕಬೇಡಿ. ರಿಜಿಸ್ಟ್ರಿ ಕ್ಲೀನರ್‌ಗಳನ್ನಂತೂ ಹತ್ತಿರ ಸೇರಿಸಬೇಡಿ. ಒಂದು ಪಿಶಾಚಿ ಬಿಡಿಸಲು ಇನ್ನೊಂದನ್ನು ಕರೆದಂತಾಗುತ್ತದೆ.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಉಳಿಯುತ್ತದೆ. ಈ ಕ್ರಮವನ್ನು ನಾನು ಬರೆಯಬೇಕಾಗಿ ಬಂದದ್ದೇ ಅನ್ಯಾಯ. ಒಂದು ಪದದ ಅರ್ಥವನ್ನು ನಿಜ ಮಾಡಲು ಬಳಸುವವನು ಏಳು ಹೆಜ್ಜೆ ನಡೆಯಬೇಕಾದರೆ, ಆ ಪದವನ್ನು ಗುಂಡಿಯ ಮೇಲೆ ಬರೆದವರು ನಮ್ಮನ್ನು ಗೌರವಿಸಿಲ್ಲ ಎಂದರ್ಥ. ಮುಂದಿನ ಸಲ ಲ್ಯಾಪ್‌ಟಾಪ್ ಕೊಳ್ಳುವಾಗ, ‘ಒಂದು ವರ್ಷ ಆಂಟಿವೈರಸ್ ಫ್ರೀ ಸರ್’ ಎಂದು ಅಂಗಡಿಯವರು ಹೇಳಿದರೆ, ಒಂದು ವರ್ಷದ ಮೇಲೆ ಅದು ಹೋಗುತ್ತದೆಯೇ ಎಂದು ಕೇಳಿ. ಉತ್ತರ ಬರುವವರೆಗೆ ಹಣ ಎಣಿಸಬೇಡಿ.