ಕೇಳಿ ಬರೆದರೆ ಕಾಪಿ, ದುಡ್ಡು ಕೊಟ್ಟು ಕಲಿತರೆ ಟ್ಯೂಷನ್ನಾ?

ಕದ್ರಾ ಕಡೆಯ ನಮ್ಮ ಮಕ್ಕಳು ವಾಟ್ಸಾಪಿನಲ್ಲಿ ಇಂಗ್ಲಿಷ್ ಹೋಂವರ್ಕಿನ ಪ್ರಶ್ನೆ ಹಾಕ್ತಾರೆ, ಗೊತ್ತಿದ್ದವರು ಉತ್ತರ ಕಳಿಸ್ತಾರೆ. ಇದಕ್ಕೆ ಕೆಲವರು ‘ಕಾಪಿ’ ಅಂತಾರೆ.

ಒಂದು ಮಾತು ಕೇಳ್ತೇನೆ. ಇಂಗ್ಲಿಷ್ ಓದಿದ ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ಅದು ಸಂಸ್ಕಾರ. ಕೂಲಿಗೆ ಹೋಗುವ ತಾಯಿಯ ಮಗಳು ಗೆಳತಿಯನ್ನು ಕೇಳಿದರೆ ಕಳ್ಳತನವಾ?

1848ರಲ್ಲಿ ಪುಣೆಯಲ್ಲಿ ಫುಲೆ ದಂಪತಿ ಹೆಣ್ಣುಮಕ್ಕಳ ಶಾಲೆ ತೆರೆದರು. ಸಾವಿತ್ರಿಬಾಯಿಗೆ ಅಕ್ಷರ ಕಲಿಸಿದ್ದು ಜ್ಯೋತಿಬಾ. ಆ ತಾಯಿ ಮುಂದೆ ‘ಇಂಗ್ಲಿಷ್ ಕಲಿಯಿರಿ’ ಅಂತ ಕವಿತೆಯನ್ನೇ ಬರೆದರು. ಕಲಿತವರು ಕಲಿಯದವರಿಗೆ ದಾಟಿಸುವುದೇ ನಮ್ಮ ಪರಂಪರೆ.

ಆದರೆ ಮಕ್ಕಳೇ, ಬರೀ ಉತ್ತರ ಕಳಿಸಬೇಡಿ. ‘ಷಿ ಗೋ’ ಅಲ್ಲ, ‘ಷಿ ಗೋಸ್’ ಯಾಕೆ ಅಂತ ಕನ್ನಡದಲ್ಲೇ ಒಂದು ವಾಯ್ಸ್ ಮೆಸೇಜ್ ಹಾಕಿ. ಪರೀಕ್ಷೆಗೆ ಮೊಬೈಲ್ ಬರೂದಿಲ್ಲ, ಆ ‘ಯಾಕೆ’ ಬರ್ತದೆ.

ಕದ್ರಾ ಅಣೆಕಟ್ಟಿನ ವಿದ್ಯುತ್ ಘಟಕದ ಸಾಮರ್ಥ್ಯ 150 ಮೆಗಾವ್ಯಾಟ್. ರಾಜ್ಯಕ್ಕೆ ಬೆಳಕು ಕೊಡುವ ಊರಿನ ಮಕ್ಕಳಿಗಾಗಿ ಪಂಚಾಯಿತಿ ಗ್ರಂಥಾಲಯ ಸಂಜೆ ಹೊತ್ತೂ ತೆರೆದಿರಲಿ, ಅಲ್ಲಿ ಇಂಟರ್ನೆಟ್ ಇರಲಿ, ಹೇಳಿಕೊಡಲು ಒಬ್ಬರು ಇರಲಿ. ಇದು ಭಿಕ್ಷೆಯಲ್ಲ, ಹಕ್ಕು.

ಜೈ ಭೀಮ್.